ಗುಂಡಿಗೆ ವಾಪಸ್ ಹೋದ ಕಲ್ಲು

ಕೇತಮ್ಮನನ್ನು ನಾನು ಮೊದಲು ನೋಡಿದ್ದು ಪೀಣ್ಯ ಇಂಡಸ್ಟ್ರಿ ಮೆಟ್ರೋ ನಿಲ್ದಾಣದ ಮೆಟ್ಟಿಲ ಕೆಳಗೆ, ಒಂದು ಸೋಮವಾರ ಬೆಳಿಗ್ಗೆ, ಫ್ಯಾಕ್ಟರಿಗೆ ಹೋಗುವವರ ನೂಕುನುಗ್ಗಲಿನಲ್ಲಿ. ಒಗೆದು ಮಡಿಸಿದ ಗೆರೆ ಇನ್ನೂ ಹೋಗದ ನೀಲಿ ಚೂಡಿದಾರ, ಹೆಗಲಿಗೊಂದು ಚೀಲ, ಕಾಲಲ್ಲಿ ಆಗಲೇ ದಪ್ಪ ಬೂಟು. ತರಬೇತಿಗೆ ಬೂಟು ಕಡ್ಡಾಯ ಎಂದು ಫೋನಿನಲ್ಲಿ ಹೇಳಿದ್ದೆ. ಬಸ್ಸಿನಲ್ಲೂ ಕಡ್ಡಾಯ ಅಂದುಕೊಂಡಿದ್ದಳು. ನಾನು ಅವಳ ಹೆಸರು ಬರೆದ ರಟ್ಟನ್ನು ಎತ್ತಿ ಹಿಡಿದಿದ್ದೆ.

"ಇಳ್ಸಿ ಸಾ. ನನ್ನೆಸ್ರು ನಂಗೊತ್ತು. ನಿಮ್ಮೆಸ್ರು ಬರ್ಕೊಂಡಿದ್ರೆ ಉಪಯೋಗ ಆಗ್ತಿತ್ತು."

ನಮ್ಮದು ಆದಿವಾಸಿ ಯುವಜನರಿಗೆ ಖನಿಜ ಹುಡುಕುವ ಕೆಲಸ ಕಲಿಸುವ ಕೇಂದ್ರ. ಕೇತಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ. ಕೊರೆಯುವ ಯಂತ್ರವನ್ನು ಬೇಗ ಕಲಿತಳು, ವಾದವನ್ನು ಊರಿಂದಲೇ ಕಲಿತು ಬಂದಿದ್ದಳು.

ಈ ಯಂತ್ರ ನೆಲದೊಳಗಿನ ಕಲ್ಲನ್ನು ಕೋಲಿನಂತೆ ಕೊರೆದು ತರುತ್ತದೆ. ಆ ತುಂಡುಗಳನ್ನು ಬಂದ ಕ್ರಮದಲ್ಲೇ ಪೆಟ್ಟಿಗೆಯಲ್ಲಿ ಜೋಡಿಸಬೇಕು. ಒಂದು ಕಳೆದರೂ ಆ ಆಳದಲ್ಲಿ ಏನಿತ್ತೆಂದು ತಿಳಿಯದು. ಕೊನೆಯ ಪರೀಕ್ಷೆಯೂ ಅದೇ. ಪಾಸಾದರೆ ಕೆಲಸ, ಇಲ್ಲದಿದ್ದರೆ ಊರು.

ಪರೀಕ್ಷಕರು ಗದಗಿನ ಕಡೆಯ ನಿವೃತ್ತ ಭೂವಿಜ್ಞಾನಿ ಗದಿಗೆಪ್ಪನವರು. ಪರೀಕ್ಷೆಯ ದಿನ ಕೇತಮ್ಮನ ಪೆಟ್ಟಿಗೆ ನೋಡಿ ಕನ್ನಡಕ ಏರಿಸಿದರು.

"ಯವ್ವಾ, ಇಲ್ಲೊಂದು ತುಂಡ ಎಲ್ಲಿ ಹೋತು?"

"ಗುಂಡಿಗೇ ಆಕ್ದೆ ಸಾ."

"ಯಾಕಬೇ?"

"ಗೆಣಸು ಅಗೆದ್ರೆ ತಲೆ ತುಂಡ ಅಲ್ಲೇ ಊತ್ಬುಟ್ಟು ಬತ್ತೀವಿ. ಎಲ್ಲಾನೂ ತಕ್ಕೊಂಡ್ರೆ ಮತ್ತೆ ಬೆಳೆಯಾಕಿಲ್ಲ."

"ಭೂಮಿತಾಯಿಗೆ ಕಮಿಷನ್ ಕೊಟ್ಟಿಯೇನ? ಆ ತುಂಡಿನಾಗ ತಾಮ್ರ ಇದ್ದಿದ್ರ? ನಾಳಿ ಇನ್ನೊಮ್ಮೆ ಕೊರಿ. ಒಂದ ತುಂಡ ಕಮ್ಮಿ ಬಿತ್ತಂದ್ರ ಫೇಲ್."

ಸಂಜೆ ಚಿಕ್ಕಬಾಣಾವರದ ಹಾಸ್ಟೆಲಿನ ಜಗಲಿಯಲ್ಲಿ ಅವಳು ಊಟ ಬಿಟ್ಟು ಕೂತಿದ್ದಳು. ಭೂವಿಜ್ಞಾನದಲ್ಲಿ ಪದವಿ ಪಡೆದವನೆಂಬ ಧೈರ್ಯದಿಂದ ಹೇಳಿದೆ, "ಕಲ್ಲು ಗೆಣಸಲ್ಲ ಕೇತಮ್ಮ. ಬೆಳೆಯೋಕೆ ಕೋಟಿಗಟ್ಟಲೆ ವರ್ಷ ಬೇಕು."

"ಅಂದ್ರೆ ಬೆಳೀತದಲ್ಲ?"

ನನ್ನ ಪದವಿ ಅಲ್ಲಿಗೆ ನಿಂತಿತು.

"ಎಲ್ಲಾ ಕೊಟ್ಬುಟ್ರೆ ತಪ್ಪಾಯ್ತದೆ, ಕೊಡದಿದ್ರೆ ಕೆಲ್ಸ ಓಯ್ತದೆ. ನೀವೇ ಏಳಿ ಸಾ."

ನಾನು ಒಳಗೆ ಹೋಗಿ ಸಾಂಬಾರು ಬಿಸಿ ಮಾಡಿಸಿಕೊಟ್ಟೆ, ಅಷ್ಟೇ.

ಮರುದಿನ ಕಲ್ಲಿನ ತುಂಡುಗಳೆಲ್ಲ ಪೆಟ್ಟಿಗೆಯಲ್ಲಿದ್ದವು. ಯಂತ್ರ ನಿಂತ ಮೇಲೆ ಕೇತಮ್ಮ ನೀರಿನೊಂದಿಗೆ ಹೊರಬಂದಿದ್ದ ಬೂದು ಕೆಸರನ್ನು ಗದಿಗೆಪ್ಪನವರಿಗೆ ತೋರಿಸಿದಳು.

"ಇದು ನಿಮ್ ಲೆಕ್ಕದಲ್ಲಿ ಬತ್ತದಾ ಸಾ?"

"ಇಲ್ಲ ಯವ್ವಾ. ಅದು ಬರೇ ರಾಡಿ."

ಕೇತಮ್ಮ ಎರಡೂ ಬೊಗಸೆ ತುಂಬ ಆ ರಾಡಿ ತೆಗೆದು ಗುಂಡಿಗೆ ಸುರಿದಳು. ಗದಿಗೆಪ್ಪನವರು ಅವಳನ್ನೂ ಗುಂಡಿಯನ್ನೂ ನೋಡಿ, "ಹೆಂಗೂ ಮುಚ್ಚೂದ ಐತಿ" ಎಂದು ಗೊಣಗಿ ಸಹಿ ಹಾಕಿದರು.

ಈಗ ಕೇತಮ್ಮ ಚಿತ್ರದುರ್ಗದ ಕಡೆ ತಾಮ್ರ ಹುಡುಕುವ ತಂಡವೊಂದರಲ್ಲಿ ಕೊರೆಯುವ ಯಂತ್ರ ನಡೆಸುತ್ತಾಳೆ.