ಗಿರಣಿಗೆ ಇಟ್ಟ ಕುಂಕುಮ

ಆಯುಧಪೂಜೆ ಮುಗಿದು ಹತ್ತು ದಿನವಾಗಿತ್ತು. ಒಂದೇ ಸಂಜೆಯ ಮಳೆಗೆ ಯಲಹಂಕದ ನಮ್ಮ ಬೀದಿಯ ರಾಜಕಾಲುವೆ ಉಕ್ಕಿ, ನಮ್ಮ ಹಿಟ್ಟಿನ ಗಿರಣಿಯೊಳಗೆ ಸೊಂಟದೆತ್ತರ ನೀರು ನುಗ್ಗಿತು. ಮೋಟಾರು ಪೂರ್ತಿ ಮುಳುಗಿತು. ಆ ಗಿರಣಿ ಬಿಟ್ಟರೆ ನಮಗೆ ಬೇರೆ ಜೀವನವಿಲ್ಲ. ಬೆಳಗಾಗುವಷ್ಟರಲ್ಲಿ ನೀರು ಪಾದದಷ್ಟಕ್ಕೆ ಇಳಿದಿತ್ತು. ಯಜಮಾನರು ಬಕೆಟ್ಟಿನಲ್ಲಿ ಅದನ್ನು ಎತ್ತಿ ಚೆಲ್ಲುತ್ತಿದ್ದರು. ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದವಳು ನಾನು. ಕನ್ನಡ ಮಾತಾಡುವ ಹುಡುಗಿಯೇ ಸಿಕ್ಕಳು, ಅದೂ ದೇವರ ದಯೆ.

"ಸರ್ವೇಯರ್ ನಾಳೆ ಬಂದು ನೋಡ್ತಾರೆ ಮೇಡಂ. ಅಲ್ಲೀವರೆಗೂ ಏನೂ ಮುಟ್ಬೇಡಿ," ಎಂದಳು.

ಸೋಮವಾರ ಹೇಳಿದ ಆ ನಾಳೆ ಗುರುವಾರವಾದರೂ ಬರಲಿಲ್ಲ. ದಿನಾ ಫೋನ್ ಮಾಡಿದೆ, ದಿನಾ ಅದೇ ಉತ್ತರ. ಒಳಗೆ ಮೋರಿಯ ಕೆಸರು. ನೆನೆದ ರಾಗಿ ಹುಳಿತು ನಾರುತ್ತಿತ್ತು. ಶುಕ್ರವಾರ ಬಂತು. ಅಂಥ ಗಲೀಜಿನಲ್ಲಿ ಲಕ್ಷ್ಮಿಗೆ ದೀಪ ಹಚ್ಚುವುದು ಹೇಗೆ? ಯಜಮಾನರು ಬೇಡವೆಂದರೂ ಕೇಳದೆ, ಫೋನಿನಲ್ಲಿ ಕೆಸರಿನ ಒಂದೆರಡು ಫೋಟೋ ತೆಗೆದಿಟ್ಟು, ಗೋಡೆ, ನೆಲ ಉಜ್ಜಿ ತೊಳೆದೆ. ಯಂತ್ರವನ್ನು ಮಾತ್ರ ಮುಟ್ಟಲಿಲ್ಲ. ಪೂಜೆಯ ಕುಂಕುಮ ತಾನಾಗಿ ಹೋಗುವ ತನಕ ಒರೆಸುವ ಪದ್ಧತಿ ನಮ್ಮಲ್ಲಿಲ್ಲ.

ಶನಿವಾರ ಸರ್ವೇಯರ್ ಬಂದರು. ಬೂಟು ಬಿಚ್ಚದೆ ಒಳಗೆ ಬಂದು ಸುತ್ತ ನೋಡಿದರು.

"ಎಲ್ಲಾ ಕ್ಲೀನಾಗಿದೆಯಲ್ಲಮ್ಮ. ನಿಮ್ಮ ಫೋಟೋದಲ್ಲೂ ಬರೀ ನೆಲದ ಕೆಸರಿದೆ. ನೀರು ಮೋಟಾರ್ ಎತ್ತರಕ್ಕೆ ಬಂತು ಅನ್ನೋಕೆ ಗುರುತೆಲ್ಲಿ? ಮೋಟಾರ್ ತಾನಾಗೇ ಸುಟ್ಟಿದ್ರೆ ಕ್ಲೇಮ್ ಬರಲ್ಲ. ತೊಳೀರಿ ಅಂತ ಯಾರು ಹೇಳಿದ್ರು ನಿಮಗೆ?"

ಯಜಮಾನರು ನನ್ನ ಕಡೆ ತಿರುಗಿದರು. "ಬೇಡ ಅಂದ್ನಲ್ಲೇ."

ನನಗೆ ಮೈಯೆಲ್ಲ ಉರಿಯಿತು. "ಸ್ವಾಮಿ, ನಿಮ್ಮ ನಾಳೆ ಬರೋ ತನಕ ದೇವರನ್ನ ಕೊಚ್ಚೇಲಿ ಕೂರಿಸ್ಬೇಕಿತ್ತಾ? ಐದು ದಿನ ಬರ್ದೇ ಇದ್ದೋರು ನೀವು, ತಪ್ಪು ನನ್ನ ಪೊರಕೇದಾ?"

ಅವರು ಫೈಲು ಮುಚ್ಚತೊಡಗಿದರು. ಬೇರೇನು ತೋರಿಸಲಿ ಎಂದು ಯಂತ್ರದತ್ತ ತಿರುಗಿದಾಗ ಕಣ್ಣಿಗೆ ಬಿತ್ತು. ಧಾನ್ಯ ಸುರಿಯುವ ಬಾಯಿಂದ ಬುಡದವರೆಗೆ ಗೇಣಿಗೊಂದರಂತೆ ಕುಂಕುಮದ ಬೊಟ್ಟು ಇಟ್ಟಿದ್ದೆ. ಮೇಲಿನ ನಾಲ್ಕು ಇಟ್ಟ ಹಾಗೇ ಇದ್ದವು. ಐದನೆಯದು ಅರ್ಧ ಕರಗಿತ್ತು. ಅದರ ಕೆಳಗೆ ಒಂದೂ ಇರಲಿಲ್ಲ. ಮೋಟಾರು ಇರುವುದು ಅದಕ್ಕಿಂತ ಎರಡು ಗೇಣು ಕೆಳಗೆ.

ಬೆರಳು ತೋರಿಸಿದೆ. ಸರ್ವೇಯರ್ ಕುಕ್ಕರುಗಾಲಲ್ಲಿ ಕೂತು ಟೇಪು ಹಿಡಿದು ಅಳೆದರು, ಫೋಟೋ ತೆಗೆದರು.

"ಇದನ್ನ ಮೊದಲೇ ಹೇಳ್ಬಾರ್ದಿತ್ತೇನಮ್ಮ?"

"ನೀವು ಮೊದಲೇ ಬರ್ಬಾರ್ದಿತ್ತಾ?"

ಕ್ಲೇಮ್ ಮಂಜೂರಾಯಿತು, ಹೊಸ ಮೋಟಾರು ಬಂತು, ತಾಯಿ ಕೈಬಿಡಲಿಲ್ಲ. ಆ ಐದು ದಿನಕ್ಕೆ ಮಾತ್ರ ಯಾರೂ ತಪ್ಪಾಯಿತು ಎನ್ನಲಿಲ್ಲ. ಈ ಸಲದ ಪೂಜೆಗೆ ಬೊಟ್ಟುಗಳನ್ನು ಅರ್ಧ ಗೇಣಿಗೊಂದರಂತೆ ಇಟ್ಟೆ.

"ಏನೇ, ಸ್ಕೇಲ್ ಬರೀತಿದ್ದೀಯಾ?" ಎಂದು ಯಜಮಾನರು ನಕ್ಕರು.

"ಹೂಂ ರೀ. ಅವರ ನಾಳೆ ನಂಬ್ಕೊಂಡು ಕೂರೋಕಾಗುತ್ತಾ?" ಎಂದೆ.