ಈ ನೀರ ಎತ್ತಾಗ ಹರೀತದ?

ಗೋಪಮ್ಮ ಹುಟ್ಟಿದ್ದು ತುಂಗಭದ್ರೆಯ ದಂಡೆಯ ಚೀಕಲಪರ್ವಿಯಲ್ಲಿ, ಬಾಳುವೆ ಮಾಡಿದ್ದು ಬಾಗಲವಾಡದಲ್ಲಿ. ನಾಟಿ ಹಚ್ಚುವುದಿರಲಿ, ಮೆಣಸಿನಕಾಯಿ ಬಿಡಿಸುವುದಿರಲಿ, ಕೂಲಿ ಹೆಂಗಸರ ಮುಂದಿನ ಸಾಲಿನಲ್ಲಿ ಅವಳಿರಬೇಕು. ಮಗ ಅನಿಲಕುಮಾರ ಮಾನ್ವಿಯಲ್ಲಿ ಹೈಸ್ಕೂಲು ಮಾಸ್ತರನಾದ ಮೇಲೂ ಹೊಲ ಬಿಡಲಿಲ್ಲ. "ಕುಂತರ ಮೊಣಕಾಲು ಹಿಡಿತಾವ" ಎನ್ನುತ್ತಿದ್ದಳು. ಸೊಸೆ ಮೌನೇಶ್ವರಿ ನರ್ಸು. ಅವಳ ಡ್ಯೂಟಿ ಇದ್ದ ದಿನ ಮಕ್ಕಳಿಬ್ಬರೂ ಅಜ್ಜಿಯ ಪಾಲು.

ಆ ಮೇ ತಿಂಗಳಲ್ಲಿ ಮಾನ್ವಿಯ ಬಿಸಿಲಿಗೆ ಮಧ್ಯಾಹ್ನ ನಾಯಿಯೂ ಹೊರಗೆ ಬರುತ್ತಿರಲಿಲ್ಲ. ಮೊಮ್ಮಗ ಅಂಬರೀಶ ಸಮುದ್ರ ನೋಡಬೇಕೆಂದು ಹಟ ಹಿಡಿದ. ಪುಟ್ಟ ಮೇಘಾ, ಸಮುದ್ರ ಅಂದರೇನೆಂದು ತಿಳಿಯದಿದ್ದರೂ, ಅಣ್ಣನ ಜೊತೆ ಅತ್ತಳು. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಕಾರವಾರದಲ್ಲಿ ಬಸ್ಸಿಳಿದರು. ಅದೇ ಸಂಜೆ ಹಿಂದಿರುಗಬೇಕಿತ್ತು.

ಮರಳಿಗೆ ಕಾಲಿಟ್ಟವಳೇ ಗೋಪಮ್ಮ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡಿದಳು.

"ಆಚಿ ದಂಡಿ ಎಲ್ಲದಪಾ?"

"ಇಲ್ಲ ಬೇ. ಅರಬಸ್ತಾನದ ತನಾ ನೀರೇ," ಎಂದ ಮಗ.

ಅರಬಸ್ತಾನ? ಅವರ ಓಣಿಯ ಅನ್ವರಿ ಬೇಗಂನ ಮಗ ಮತೀನ್ ಅಲ್ಲಿಗೇ ದುಡಿಯಲು ಹೋದವನು. ಅವನು ಹೋದದ್ದು ಹೈದರಾಬಾದಿನ ಮೇಲೆ, ಮೂಡಣ ದಿಕ್ಕಿಗೆ. ಇಲ್ಲಿ ಅದು ಪಡುವಣಕ್ಕೆ ಹೇಗೆ ಬಂತು? ಕೇಳಬೇಕೆಂದುಕೊಂಡಳು. ಅಷ್ಟರಲ್ಲಿ ಮಕ್ಕಳು ನೀರಿಗೆ ಓಡಿದ್ದರು.

ಮೆಕ್ಕೆತೆನೆ ಸುಡುವವನ ಕೆಂಪು ಕೊಡೆಯ ಪಕ್ಕ ಜಮಖಾನ ಹಾಸಿ ಕೂತರು. ಸ್ವಲ್ಪ ಹೊತ್ತಿಗೆ ಮೇಘಾಳ ಫ್ರಾಕು ಮರಳಲ್ಲಿ ಮುಳುಗೆದ್ದಂತಾಯಿತು. ಅದನ್ನು ರಸ್ತೆ ಬದಿಯ ನಲ್ಲಿಯಲ್ಲಿ ಹಿಂಡಿಕೊಂಡು ಬರುತ್ತೇನೆಂದು ಗೋಪಮ್ಮ ಎದ್ದಳು. "ಅತ್ತಿ, ಕೆಂಪು ಕೊಡಿ ಗುರುತು ಇಟ್ಕೋರಿ," ಎಂದಳು ಮೌನೇಶ್ವರಿ.

ನಲ್ಲಿಯ ಹತ್ತಿರ ಗದ್ದಲವಿತ್ತು, ಸರದಿ ಬರಲು ತಡವಾಯಿತು. ತಿರುಗಿ ಬಂದಾಗ ಕೆಂಪು ಕೊಡೆ ಇತ್ತು, ಮೆಕ್ಕೆತೆನೆಯವನೂ ಇದ್ದ. ಜಮಖಾನ ಇರಲಿಲ್ಲ. ಮಗ, ಸೊಸೆ, ಮಕ್ಕಳು ಯಾರೂ ಇರಲಿಲ್ಲ. ಕೊಡೆಯ ಬುಡಕ್ಕೇ ನೀರು ಬಂದು ನೆಕ್ಕಿ ಹೋಗುತ್ತಿತ್ತು.

"ಇಲ್ಲಿ ಕುಂತೋರು ಎಲ್ಲಿ ಹೋದ್ರೀ?"

ಅವನು ಕೊಂಕಣಿಯಲ್ಲಿ ಏನೋ ಹೇಳಿ ಕೈಯನ್ನು ಅತ್ತ ಬೀಸಿದ, ಆಮೇಲೆ ಇತ್ತಲೂ ಬೀಸಿದ. ಕೊನೆಗೆ ನೀರಿನ ಕಡೆಯೂ ಬೀಸಿದ. ಆ ಮೂರನೆಯ ಬೀಸು ಅವಳ ಎದೆಗೆ ಬಡಿಯಿತು.

ಹೊಳೆಯ ಊರಲ್ಲಿ ಹುಟ್ಟಿದವಳಿಗೆ ನೀರು ಒಯ್ದದ್ದನ್ನು ಎಲ್ಲಿ ಹುಡುಕಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಒಗೆಯುವಾಗ ಸೀರೆ ತೇಲಿಹೋದರೆ ದಂಡೆಗುಂಟ ಕೆಳಗೆ ಓಡಬೇಕು. ಓಡಲು ಸೆರಗು ಸಿಕ್ಕಿಸಿದಳು. ಆಮೇಲೆ ನಿಂತುಬಿಟ್ಟಳು. ಕೆಳಗೆ ಅಂದರೆ ಎತ್ತ?

ಚೆಂಡಾಡುತ್ತಿದ್ದ ಹುಡುಗರನ್ನು ಕೇಳಿದಳು. "ತಮ್ಮಾ, ಈ ನೀರ ಎತ್ತಾಗ ಹರೀತದ?"

"ಸಮುದ್ರ ಹರಿಯೋದಿಲ್ಲ ಅಜ್ಜಿ," ಎಂದು ಒಬ್ಬ ನಕ್ಕ.

ಹರಿಯುವುದಿಲ್ಲವಾದರೆ ಇದು ಮಾಡುತ್ತಿರುವುದೇನು? ಅಷ್ಟರಲ್ಲಿ ಒಂದು ಚಿಕ್ಕ ಚಪ್ಪಲಿ ನೊರೆಯ ಜೊತೆ ಬಲಕ್ಕೆ ಸರಿದುಹೋಗುವುದು ಕಂಡಿತು. ಮೊಣಕಾಲುದ್ದದ ನೀರಿಗಿಳಿದು ಹಿಡಿದಳು. ನೀಲಿ ಬಣ್ಣದ್ದು. ಮೇಘಾಳ ಚಪ್ಪಲಿಯ ಬಣ್ಣ ಯಾವುದು? ದಿನಾ ತಾನೇ ತೊಡಿಸುತ್ತಿದ್ದಳು, ಈಗ ನೆನಪೇ ಬರಲೊಲ್ಲದು. ಒಮ್ಮೆ ನೀಲಿ ಅನ್ನಿಸಿತು, ಇನ್ನೊಮ್ಮೆ ಅಲ್ಲವೆನ್ನಿಸಿತು. ಚಪ್ಪಲಿ ಎದೆಗೊತ್ತಿಕೊಂಡು ಬಲಕ್ಕೇ ನಡೆದಳು.

ಮೈಕಿನಲ್ಲಿ ಯಾರೋ ಕೂಗುತ್ತಿದ್ದರು. ಗಾಳಿಗೆ ಅರ್ಧ ಮಾತು ಹಾರಿಹೋಗಿ ಅರ್ಧ ಮಾತ್ರ ಕಿವಿಗೆ ಬಿತ್ತು: "...ಗೋಪಮ್ಮ ಎಂಬುವವರು... ಹಸಿರು ಸೀರೆ... ಕಾಣೆಯಾಗಿದ್ದಾರೆ..." ಪಾಪ, ನನ್ನ ಹೆಸರಿನವಳೇ ಯಾರೋ ಕಳೆದುಹೋಗಿದ್ದಾಳೆ ಅಂದುಕೊಂಡು ಗೋಪಮ್ಮ ಹೆಜ್ಜೆ ಜೋರು ಮಾಡಿದಳು. ತಾನು ಉಟ್ಟದ್ದು ಹಸಿರು ಸೀರೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಗದ್ದಲ ಹಿಂದೆ ಉಳಿಯಿತು. ಕಾಲು ಸೋಲುವಷ್ಟು ನಡೆದ ಮೇಲೆ ಮರಳು ಮುಗಿದು ಒಂದು ಹೊಳೆ ಬಂತು. ಅಗಲವಾದ, ಆಚೆ ದಂಡೆ ಇರುವ, ಹೊಳೆಯಂಥ ಹೊಳೆ. ಅದು ಕಾಳಿ ನದಿ. ಅವಳಿಗೆ ಒಂದು ಕ್ಷಣ ತವರು ಕಂಡಂತಾಗಿ ಉಸಿರು ಬಂತು. ದಂಡೆಯಲ್ಲಿ ಕೂತು ನೀರು ನೋಡಿದಳು. ತೆಂಗಿನ ಗರಿಯೊಂದು ತೇಲುತ್ತಿತ್ತು. ಸಮುದ್ರದ ಕಡೆಗಲ್ಲ, ಬೆಟ್ಟದ ಕಡೆಗೆ! ಹೊಳೆ ತಾನು ಹುಟ್ಟಿದ ಕಡೆಗೆ ಹರಿಯುತ್ತಿತ್ತು.

ಗೋಪಮ್ಮ ಕಣ್ಣು ಮುಚ್ಚಿ ತೆಗೆದಳು. ಗರಿ ಇನ್ನೂ ಮೇಲಕ್ಕೇ ಹೋಗುತ್ತಿತ್ತು. ತನ್ನ ತಲೆಯೇ ಕೆಟ್ಟಿತೋ, ಲೋಕವೇ ತಿರುಗಿತೋ ತಿಳಿಯದೆ ಅವಳು ಗಟ್ಟಿಯಾಗಿ ಅತ್ತಳು. "ಯಪ್ಪಾ, ಯವ್ವಾ, ನನ್ನ ಕೂಸು ಎತ್ತಾಗ ಹೋತೋ!"

"ಯಾಕ ಬೇ ಯಕ್ಕಾ, ಏನಾತು?"

ತನ್ನೂರ ಕಡೆಯದೇ ಮಾತು! ತಿರುಗಿ ನೋಡಿದರೆ ತಲೆಗೆ ಟವೆಲ್ ಸುತ್ತಿದ ಒಬ್ಬ ಹೆಂಗಸು. ಹೆಸರು ಬೂದೆಮ್ಮ, ದೇವದುರ್ಗದ ಕಡೆಯವಳು. ಹತ್ತಿರದ ಕಟ್ಟಡವೊಂದರಲ್ಲಿ ಗಾರೆ ಕೆಲಸಕ್ಕೆ ಬಂದು ಗಂಡನೊಂದಿಗೆ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದಳು. ಗೋಪಮ್ಮನಿಗೆ ತಾನು ಕಾರವಾರದಲ್ಲಿದ್ದೇನೋ ದೇವದುರ್ಗದಲ್ಲಿದ್ದೇನೋ ಒಂದು ಗಳಿಗೆ ಗೊತ್ತಾಗಲಿಲ್ಲ.

"ಈ ಹೊಳಿ ಹಿಂದಕ್ಕ ಹರಿಯಾಕತ್ತದ, ನೋಡವ್ವಾ."

"ಹೂಂ, ಸಮುದ್ರ ಏರಿದಾಗ ಇಲ್ಲಿ ಹೊಳಿ ಹಿಂಗ ಹರೀತದ. ನಾ ಬಂದ ದಿನ ನನಗೂ ಹಿಂಗ ಆಗಿತ್ತು. ಏಳು, ಮಗನ ನಂಬರ ಹೇಳು."

ನಂಬರು ಗೊತ್ತಿರಲಿಲ್ಲ. ಅವಳ ಫೋನಿನಲ್ಲಿ ಮಗನ ಫೋಟೋ ಒತ್ತಿದರೆ ಸಾಕಿತ್ತು, ಆ ಫೋನು ಸೊಸೆಯ ಚೀಲದಲ್ಲಿತ್ತು. ಬೂದೆಮ್ಮ ಆಟೋ ನಿಲ್ಲಿಸಿ ಅವಳನ್ನು ಕೈಹಿಡಿದು ಹತ್ತಿಸಿ, ತಾನೂ ಕೂತು, ಮೈಕು ಕೂಗುತ್ತಿದ್ದ ಮರಳದಂಡೆಗೆ ಕರೆತಂದಳು.

ಅನಿಲಕುಮಾರ ಪೊಲೀಸರ ಪಕ್ಕ ನಿಂತಿದ್ದ. ಅವ್ವನನ್ನು ಕಂಡು ಓಡಿಬಂದವನು ಅಪ್ಪಿಕೊಳ್ಳಬೇಕೋ ಬಯ್ಯಬೇಕೋ ತಿಳಿಯದೆ ಎರಡನ್ನೂ ಮಾಡಿದ.

"ಎಲ್ಲಿ ಹೋಗಿದ್ದಿ ಬೇ? ನಾವು ಹೆಂಗ ಹುಡುಕೀವಿ ಗೊತ್ತದೇನು?"

"ನೀವೇ ಇರಲಿಲ್ಲಲ್ಲೋ! ಕೊಡಿ ಇತ್ತು, ನೀವಿರಲಿಲ್ಲ."

"ಕೊಡಿ ಇದ್ದಲ್ಲಿ ನಾವಿರಲಿಲ್ಲ ಅತ್ತಿ," ಎಂದಳು ಮೌನೇಶ್ವರಿ, ಕಣ್ಣೊರೆಸುತ್ತ. "ನೀರು ಏರಿತು. ಅವ ಕೊಡಿ ಕಿತ್ತು ದಂಡಿಗುಂಟ ಆ ಕಡಿ ಹೋದ. ನಾವು ನೀವು ಬರೋದು ನೋಡ್ಕೋತ ಮ್ಯಾಲೆ ಸರಿದು ಕುಂತಿದ್ವಿ."

ಮೇಘಾ ಐಸ್‌ಕ್ರೀಮ್ ಮೆತ್ತಿದ ಬಾಯಿಯಲ್ಲಿ ಅಜ್ಜಿಯ ಕೈ ನೋಡಿ, "ಅದು ಯಾರ್ದು?" ಎಂದಳು. ಅವಳ ಕಾಲಲ್ಲಿ ಕೆಂಪು ಚಪ್ಪಲಿಗಳಿದ್ದವು, ಎರಡೂ. ಗೋಪಮ್ಮ ನೀಲಿ ಚಪ್ಪಲಿ ಕೆಳಗೆ ಬಿಟ್ಟು ಕೂಸನ್ನು ಎತ್ತಿ ಕುತ್ತಿಗೆಗೆ ಮುಖವಿಟ್ಟಳು.

ಊಟಕ್ಕೆ ಬೂದೆಮ್ಮನನ್ನೂ ಕೂರಿಸಿಕೊಂಡರು. ಜೋಳದ ರೊಟ್ಟಿ, ಶೇಂಗಾ ಚಟ್ನಿಹಿಂಡಿ ಕಂಡು ಅವಳು ರೊಟ್ಟಿಯನ್ನು ಮೊದಲು ಮೂಸಿ ನೋಡಿದಳು. ಆಮೇಲೆ ಒಂದು ಚೂರೂ ಬಿಡದೆ ತಿಂದಳು. ಎದ್ದು ಹೋಗುವಾಗ ಗೋಪಮ್ಮ ಉಳಿದ ರೊಟ್ಟಿಗಳನ್ನೆಲ್ಲ ಅವಳ ಟವೆಲ್ಲಿಗೆ ಕಟ್ಟಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನೀರು ದೂರ ಸರಿದಿತ್ತು. ಗೋಪಮ್ಮ ಮೇಘಾಳ ಸೊಂಟಕ್ಕೆ ಸೆರಗು ಗಂಟು ಹಾಕಿಕೊಂಡು ಅಲೆಗಳಲ್ಲಿ ನಿಂತಿದ್ದಳು.

"ಅಷ್ಟು ನೀರ ಈಗ ಎಲ್ಲಿಗಿ ಹೋತಪಾ?"

ಮಾಸ್ತರ ಮಗ ಉತ್ಸಾಹದಿಂದ ಹೇಳತೊಡಗಿದ. "ಅದನ್ನ ಚಂದ್ರ ಎಳೀತಾನ ಬೇ. ಅವ ಎಳದಾಗ ಏರ್ತದ, ಬಿಟ್ಟಾಗ ಇಳೀತದ."

ಗೋಪಮ್ಮ ತಲೆಯೆತ್ತಿದಳು. ಪಡುವಣಕ್ಕೆ ವಾಲಿದರೂ ಸುಡುವ ಬಿಸಿಲು. ಇಡೀ ಆಕಾಶ ಸೋಸಿ ನೋಡಿ, ಮಗನ ಮುಖ ನೋಡಿದಳು.

"ಎಲ್ಲಿದ್ದಾನ?"

ಅನಿಲಕುಮಾರ ಮೇಲೆ ನೋಡಿದ. ಅಂಬರೀಶನೂ ನೋಡಿದ. ಮೂವರೂ ಮೊಣಕಾಲುದ್ದ ನೀರಿನಲ್ಲಿ ನಿಂತು, ಕೈ ಹುಬ್ಬಿಗೆ ಅಡ್ಡ ಹಿಡಿದು, ಬಹಳ ಹೊತ್ತು ಹುಡುಕಿದರು.