ನಲವತ್ತು ಹೊಲಕ್ಕೆ ಒಂದೇ ಗಂಟಲು

ಕೊಡ್ಲಿ ಊರಿನ ಭಾಗಣ್ಣ ತೊಟ್ಟಿಲಲ್ಲಿ ಅತ್ತರೆ ಮೂರು ಓಣಿ ಆಚೆಯ ನಾಯಿಗಳು ಬೊಗಳುತ್ತಿದ್ದವಂತೆ. ಎಂಟನೆಯ ವಯಸ್ಸಿಗೇ ಅವನು ಜೋಳದ ಹೊಲದಲ್ಲಿ ಹಕ್ಕಿ ಕಾಯುವ ಮಂಚಿಗೆ ಹತ್ತಿ ಕವಣೆ ಹಿಡಿದ. ಆದರೆ ಕವಣೆಗೆ ಕಲ್ಲು ಹಾಕುವ ಪ್ರಸಂಗ ಬರುತ್ತಿದ್ದುದು ಕಡಿಮೆ. ಒಮ್ಮೆ ಗಂಟಲು ಬಿಚ್ಚಿ “ಹೋಯ್” ಎಂದರೆ ತೆನೆಯ ಮೇಲೆ ಕುಳಿತ ಗಿಣಿಗಳ ಹಿಂಡು ಎದ್ದು ಗುಡ್ಡ ದಾಟುತ್ತಿತ್ತು. ಒಂದು ಸಲ ವಾಡಿ ಜಂಕ್ಷನ್ನಿನಲ್ಲಿ, ಬೇರೆ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತಿದ್ದ ಭಾವಮೈದುನನನ್ನು ಕರೆದಾಗ, ಚಹಾ ಮಾರುವವರೆಲ್ಲ ಕೆಟಲಿ ಕೆಳಗಿಟ್ಟು ಇವನ ಕಡೆ ನೋಡಿದ್ದರು. ಓದು ಬರಹ ಇಲ್ಲ. ಹೊಲ ಎರಡೇ ಎಕರೆ. ಸುಗ್ಗಿಯಲ್ಲಿ ಊರವರ ಬೆಳೆ ಕಾಯುವುದು ಅವನ ಕಸುಬು, ಗಂಟಲು ಅವನ ಹತಾರ.

ಎರಡು ವರ್ಷದ ಹಿಂದೆ ಸುಲೇಪೇಟದ ಪೇಟೆಗೆ ಹಕ್ಕಿ ಓಡಿಸುವ ಮೈಕು ಬಂತು. ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಸ್ಪೀಕರು, ಒಳಗೆ ಉಗುರಿನಷ್ಟು ಕಾರ್ಡು. ಕಾರ್ಡಿನಲ್ಲಿ ತುಂಬಿದ ಧ್ವನಿ ಬೆಳಗಿನಿಂದ ಬೈಗಿನವರೆಗೆ ತಾನೇ ಕೂಗುತ್ತಿರುತ್ತದೆ. ಅಲ್ಲಿ ಮೊಬೈಲ್ ಅಂಗಡಿ ನಡೆಸುವ ನಗ್ಮಾ, ತುಂಬುವುದಾದರೆ ಭಾಗಣ್ಣನ ಧ್ವನಿಯನ್ನೇ ತುಂಬಬೇಕೆಂದು ಅವನನ್ನು ಕರೆಸಿದಳು.

“ಚಾಚಾ, ಒಂದೇ ನಮೂನಿ ಚೀರಿದ್ರ ಗಿಣಿ ನಾಕ್ ದಿನದಾಗ ಶಾಣ್ಯಾ ಆಗ್ತಾವ. ಬೈರಿ, ನಗ್ರಿ, ಅಳ್ರಿ, ಮಂದೀನ ಹೆಸರ ಹಿಡದು ಕರೀರಿ. ಹೊಲದಾಗ ಹತ್ತ ಮಂದಿ ಅದಾರ ಅನಸಬೇಕು.”

“ಅಳೂದು ನಂಗ ಬರಂಗಿಲ್ಲ ಬೇಟಿ.”

“ಹಂಗಾದ್ರ ಸಾಯ್ಲಿಕತ್ತವರಂಗ ಚೀರ್ರಿ!”

ಭಾಗಣ್ಣ ಅಂಗಡಿಯ ಹಿತ್ತಲಲ್ಲಿ ನಿಂತು “ಸತ್ತೆನೋ! ಬರ್ರೋ! ಎತ್ತರ್ರೋ!” ಎಂದು ಚೀರಿದ. ಪೇಟೆಯ ಜನ ಬಡಿಗೆ ಹಿಡಿದು ಓಡಿ ಬಂದರು. ಸಂಗತಿ ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಊರಿನ ಗಂಡಸರ ಹೆಸರನ್ನೆಲ್ಲ ಅವನು ಒಂದೊಂದಾಗಿ ಕೂಗಿದ. ತನ್ನ ಹೆಸರು ಎರಡು ಸಲ ಬಂತೆಂದು ಬಸವಂತರಾಯ ಖುಷಿಪಟ್ಟು ಎಲ್ಲರಿಗಿಂತ ಮೊದಲು ಮೈಕು ಒಯ್ದ. ಅವನಿಗೆ ಹನ್ನೆರಡು ಎಕರೆ ಜೋಳ. ಆ ವರ್ಷ ನಲವತ್ತು ಹೊಲಗಳಲ್ಲಿ ಭಾಗಣ್ಣ ಕೂಗಿದ. “ಒಬ್ಬನೇ ಕಾವಲುಗಾರ, ನಲವತ್ತು ಹೊಲ!” ಎಂದು ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ವಿನೋದದ ಸುದ್ದಿಯೂ ಬಂತು. ಮಂಚಿಗೆ ಏರುವ ಕೆಲಸ ತಪ್ಪಿ, ಮೈಕುಗಳ ಬ್ಯಾಟರಿ ಬದಲಿಸಿಕೊಂಡು ಹೊಲದಿಂದ ಹೊಲಕ್ಕೆ ತಿರುಗುವ ಕೆಲಸ ಹತ್ತಿತು.

ಕಳೆದ ಪುಷ್ಯದ ಒಂದು ಮಧ್ಯಾಹ್ನ ಅವನು ಬಸವಂತರಾಯನ ಹೊಲಕ್ಕೆ ಹೋದ. ಬದುವಿನಲ್ಲೊಂದು ಹಾಳು ಬಾವಿ, ಅದರ ಮೇಲೆ ಬಾಗಿದ ಜಾಲಿ ಮರ, ಮರಕ್ಕೆ ಕಟ್ಟಿದ ಮೈಕು. ಹಿಂದೊಮ್ಮೆ ನೀರು ಸೇದುವವರು ನಿಲ್ಲಲೆಂದು ಬಾವಿಯ ಅಂಚಿಗೆ ಶಹಾಬಾದ ಫರಸಿ ಕಲ್ಲು ಹಾಸಿದ್ದರು. ಭಾಗಣ್ಣ ಅದರ ಮೇಲೆ ನಿಂತು ಬ್ಯಾಟರಿ ಹಾಕಿ ಗುಂಡಿ ಒತ್ತಿದ. ಮೈಕು “ಹೋಯ್” ಎಂದಿತು. ಕಾಲ ಕೆಳಗೆ ಫರಸಿ ಲಟಕ್ಕನೆ ಮುರಿಯಿತು.

ಎದೆಮಟ್ಟ ನೀರು. ನೀರೇನು, ಮೈ ಕೊರೆಯುವ ಬರ್ಫು. ಬಲಗಾಲು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಎಳೆದರೆ ಜೀವ ಹೋದಂತಾಗುತ್ತಿತ್ತು. ಮೆಟ್ಟಿಲುಗಳೆಲ್ಲ ಎಂದೋ ಕುಸಿದಿದ್ದವು. ಗೋಡೆಗೆ ಕೈ ಹಚ್ಚಿದರೆ ಪಾಚಿ.

ಮೊದಲು ಅವನಿಗೆ ಅಂಜಿಕೆ ಆಗಲಿಲ್ಲ. ಗಂಟಲು ಇದೆಯಲ್ಲ! ಎದೆ ತುಂಬ ಉಸಿರು ತೆಗೆದುಕೊಂಡು ಚೀರಿದ: “ಬರ್ರೋ! ಬಾವ್ಯಾಗ ಬಿದ್ದೀನೋ!”

ಮೇಲಿನಿಂದ ಮೈಕು ಅವನದೇ ಧ್ವನಿಯಲ್ಲಿ, ಅವನಿಗಿಂತ ಜೋರಾಗಿ ಕೂಗಿತು: “ಸತ್ತೆನೋ! ಬರ್ರೋ! ಎತ್ತರ್ರೋ!”

ಆಗ ಭಾಗಣ್ಣನಿಗೆ ಅಂಜಿಕೆ ಹುಟ್ಟಿತು. ಅವನು ಮತ್ತೆ ಚೀರಿದ. ಮೈಕು ಬೈಯಿತು. ಮತ್ತೆ ಚೀರಿದ. ಮೈಕು ಹ್ಹಹ್ಹಹ್ಹಾ ಎಂದು ನಕ್ಕಿತು. ಬಾವಿಯ ಗೋಡೆಗೆ ಬಡಿದು ಆ ನಗು ತಿರುತಿರುಗಿ ಬಂತು. ತನ್ನ ನಗು ಇಷ್ಟು ಕೆಟ್ಟದ್ದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಬದುವಿನ ಮೇಲೆ ಹೆಜ್ಜೆ ಸಪ್ಪಳವಾಯಿತು. ಬಸವಂತರಾಯ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತ ಹೊರಟಿದ್ದ.

“ಬಸವಂತರಾಯಣ್ಣಾ! ಸತ್ತೆನೋ ಯಪ್ಪಾ!”

ಬಸವಂತರಾಯ ನಗುತ್ತ ಫೋನಿಗೆ ಹೇಳಿದ: “ಯಾರೂ ಸತ್ತಿಲ್ಲೋ ಮಾರಾಯ, ಅದು ನಮ್ಮ ಭಾಗಣ್ಣನ ಮೈಕು. ಹತ್ತ ಮಿನಿಟಿಗೊಮ್ಮಿ ಸಾಯ್ತಾನ, ಹತ್ತ ಮಿನಿಟಿಗೊಮ್ಮಿ ನಗ್ತಾನ. ನನ್ನ ಹೆಸರೂ ಹಿಡೀತಾನ, ಕೇಳಿದೇನು?” ಹೆಜ್ಜೆ ಸಪ್ಪಳ ದೂರವಾಗಿ ಅಡಗಿತು.

ಬಿಸಿಲು ಬಾವಿಯ ಗೋಡೆಯ ಮೇಲೆ ಒಂದು ಮಾರು ಸರಿಯಿತು. ನೀರಿನಲ್ಲಿ ಏನೋ ನುಣ್ಣಗೆ ಮೀನಖಂಡವನ್ನು ಸವರಿಕೊಂಡು ಹೋಯಿತು. ಏನೆಂದು ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಸಿಕ್ಕಿಬಿದ್ದ ಕಾಲು ಕಟ್ಟಿಗೆಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಗಂಟಲು ಒಡೆಯತೊಡಗಿತ್ತು. ಮೇಲಿನ ಭಾಗಣ್ಣ ದಣಿಯದೆ ಕೂಗುತ್ತಿದ್ದ. ಕೆಳಗಿನ ಭಾಗಣ್ಣ ಮುಗಿಯುತ್ತ ಬಂದಿದ್ದ. ತಾನು ಇಲ್ಲಿ ಹೆಣವಾದ ಮೇಲೂ ಅದು ತನ್ನ ಧ್ವನಿಯಲ್ಲೇ ನಗುತ್ತಿರುತ್ತದೆ ಎಂಬುದು ಆಗ ಅವನಿಗೆ ಹೊಳೆಯಿತು.

ಕಾರ್ಡಿನಲ್ಲಿ ಇಲ್ಲದ್ದನ್ನು ಕೂಗಬೇಕು. ಏನಿಲ್ಲ ಅದರಲ್ಲಿ? ಬೈಗುಳ ಇದೆ, ನಗು ಇದೆ, ಸಾಯುವವನ ಚೀರಾಟ ಇದೆ, ಊರ ಗಂಡಸರ ಹೆಸರೆಲ್ಲ ಇವೆ.

ಎರಡು ಹೊಲ ಆಚೆ ಹೆಣ್ಣಾಳುಗಳು ತೊಗರಿ ಕೊಯ್ಯುತ್ತಿದ್ದರು. ಅವರಲ್ಲಿ ಅವನ ಹೆಂಡತಿ ಹಣಮವ್ವನೂ ಇದ್ದಳು. ಮದುವೆಯಾಗಿ ಮೂವತ್ನಾಲ್ಕು ವರ್ಷ. “ಏ, ಕೇಳಿಲ್ಲಿ” ಎಂದು ಕರೆದದ್ದು ಬಿಟ್ಟರೆ ಆ ಹೆಸರು ಅವನ ಬಾಯಿಂದ ಹೊರಬಿದ್ದದ್ದಿಲ್ಲ. ಹೆಸರು ಹಿಡಿದರೆ ಹೆಂಡತಿಯ ಆಯುಷ್ಯ ಕಡಿಮೆಯಾಗುತ್ತದೆ ಎಂದು ಮದುವೆಯ ದಿನವೇ ಅವ್ವ ಕಿವಿ ಹಿಂಡಿ ಹೇಳಿದ್ದಳು. ಈಗ ಕೂಗಿ ತಾನು ಬದುಕಿದರೆ ಅವಳ ಎಷ್ಟು ವರ್ಷ ಕಳೆಯುತ್ತವೋ! ನೀರಿನಲ್ಲಿ ನಡುಗುತ್ತ ಅವನು ಇಷ್ಟನ್ನೂ ಯೋಚಿಸಿದ. ಎರಡು ಸಲ ಬಾಯಿ ತೆರೆದು ಮುಚ್ಚಿದ.

ಮೈಕು ಒಂದು ಕೂಗು ಮುಗಿಸಿ ಇನ್ನೊಂದು ಶುರು ಮಾಡುವ ನಡುವೆ ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು ಸುಮ್ಮನಿರುತ್ತಿತ್ತು. ಆ ಸಂದಿಯಲ್ಲಿ, ಉಳಿದ ಗಂಟಲನ್ನೆಲ್ಲ ಹರಿದುಕೊಂಡು ಭಾಗಣ್ಣ ಕೂಗಿದ:

“ಹಣಮವ್ವಾ! ಏ ಹಣಮವ್ವಾ!”

ತೊಗರಿ ಹೊಲದಲ್ಲಿ ಕುಡುಗೋಲುಗಳು ನಿಂತವು. “ಅಯ್ಯ ನಮ್ಮವ್ವಾ, ಮುದಕ ಈಗ ಮೈಕಿನ್ಯಾಗ ಹೆಂಡ್ತಿ ಹೆಸರ ಹಿಡೀಲಿಕತ್ತಾನ!” ಎಂದು ಒಬ್ಬಳು ಸೆರಗು ಬಾಯಿಗೊತ್ತಿ ನಕ್ಕಳು. ಹಣಮವ್ವ ನಗಲಿಲ್ಲ. “ನಮ್ಮನ್ಯಾವ್ರು ಸತ್ರೂ ನನ್ನ ಹೆಸರ ಹಿಡ್ಯಂಗಿಲ್ಲ. ಏನೋ ಆಗ್ಯದ,” ಎಂದವಳೇ ಕುಡುಗೋಲು ಒಗೆದು ಓಡಿದಳು.

ಬಾವಿಯ ಬಾಯಲ್ಲಿ ಅವಳ ಮುಖ ಕಂಡಾಗ ಭಾಗಣ್ಣ ಎರಡೂ ಕೈ ಮೇಲೆತ್ತಿದ. ಅವಳು ಅಳುತ್ತ ಕೇಳಿದಳು: “ಹೆಸರ ಯಾಕ ಹಿಡದ್ರಿ? ಅಷ್ಟ ಅಂಜಿದ್ರೇನು?”

ಅಷ್ಟೂ ಅಂಜಿದ್ದ. ಅವಳ ಬೊಬ್ಬೆ ಕೇಳಿ ಓಡಿ ಬಂದ ಬಸವಂತರಾಯ ಎತ್ತಿನ ಮಿಣಿ ಹಗ್ಗಗಳನ್ನು ಗಂಟು ಹಾಕಿ, ತಾನೇ ಕೆಳಗಿಳಿದು ಕಾಲು ಬಿಡಿಸಿದ. ಹೆಣ್ಣುಮಕ್ಕಳು ಮೇಲಿನಿಂದ ಎಳೆದರು. “ನಾ ಇಲ್ಲೇ ಹಾದು ಹೋದೆ, ಭಾಗಣ್ಣ. ನಕ್ಕೋತ ಹೋದೆ,” ಎಂದು ಬಸವಂತರಾಯ ಮಣ್ಣಲ್ಲಿ ಕುಳಿತುಬಿಟ್ಟ.

ಕಾಲು ಉಳಿಯಿತು. ಆದರೆ ಅಂಜಿಕೆ ಬಾವಿಯಲ್ಲಿ ಉಳಿಯಲಿಲ್ಲ, ಅವನ ಸಂಗಡ ಮನೆಗೆ ಬಂತು. ಸುತ್ತಲಿನ ಹೊಲಗಳಲ್ಲಿ ಯಾವ ಮೈಕು “ಸತ್ತೆನೋ” ಎಂದರೂ ಅವನು ಉಣ್ಣುವ ತಾಟು ಬಿಟ್ಟು ಏಳುತ್ತಿದ್ದ. ಮೈಕು ಯಾವುದು, ಮನುಷ್ಯ ಯಾವನು ಎಂದು ಈಗ ಅವನ ಕಿವಿಗೇ ತಿಳಿಯದು. ಎಂಟು ದಿನಕ್ಕೆ ಕೋಲೂರಿಕೊಂಡು ನಗ್ಮಾಳ ಅಂಗಡಿಗೆ ಹೋದ.

“ಬೇಟಿ, ಆ ‘ಸತ್ತೆನೋ’ ತೆಗದುಬಿಡು. ಹಕ್ಕಿ ತಿಂದಷ್ಟು ತಿನ್ನಲಿ.”

ನಗ್ಮಾ ನಲವತ್ತೂ ಕಾರ್ಡು ತರಿಸಿ ಅದೊಂದು ಕೂಗನ್ನು ಅಳಿಸಿದಳು. ಆಮೇಲೆ ತಲೆ ತಗ್ಗಿಸಿ ಹೇಳಿದಳು: “ಚಾಚಾ, ಆ ಕೂಗ ಮಂದಿ ಫೋನಿನ್ಯಾಗ ಒಬ್ಬರಿಗೊಬ್ಬರು ಕಳಸ್ಯಾರ. ಚಿತ್ತಾಪುರದಾಗ ಅದ, ಸೇಡಂದಾಗ ಅದ. ಇನ್ನ ಎಲ್ಲೆಲ್ಲಿ ಅದ ಏನೋ ನಂಗೂ ಗೊತ್ತಿಲ್ಲ.”

ಮುಂದಿನ ತಿಂಗಳು ಕಾಲು ತೋರಿಸಲು ಗಂಡ ಹೆಂಡತಿ ಕಲಬುರಗಿ ಬಸ್ಸು ಹತ್ತಿದರು. ಗುರುತಿಲ್ಲದ ಊರೊಂದರ ಹೊರಗೆ, ರಸ್ತೆ ಪಕ್ಕದ ಜೋಳದ ಹೊಲದಿಂದ ಕೂಗು ಬಂತು: “ಬರ್ರೋ! ಎತ್ತರ್ರೋ!” ಭಾಗಣ್ಣ ಎದ್ದು ನಿಂತು ಬಸ್ಸಿನ ತಗಡು ಬಡಿದ. ಬಸ್ಸು ನಿಂತಿತು, ಅವನು ಕುಂಟುತ್ತ ಇಳಿದ.

“ಏನಾಯ್ತವ್ವಾ ಅವರಿಗೆ?” ಕಂಡಕ್ಟರ್ ಕೇಳಿದ.

“ಒಂದೀಟ ನಿಲ್ರಿ ಅಣ್ಣಾರ. ಯಾರರ ಬಾವ್ಯಾಗ ಬಿದ್ದಾರೇನಂತ ನೋಡಿ ಬರ್ತಾರ,” ಎಂದಳು ಹಣಮವ್ವ.

ಹೊಲದ ಮೂಲೆಯಲ್ಲೊಂದು ಗೂಟ, ಗೂಟದ ಮೇಲೆ ಮೈಕು. ಅದನ್ನು ಕಣ್ಣಾರೆ ಕಂಡರೂ ಅವನು ತಿರುಗಿ ಬರಲಿಲ್ಲ. ಬದುವಿನುದ್ದಕ್ಕೂ ನಡೆದು ಬಾವಿಯನ್ನು ಹುಡುಕಿದ. ಅಂಚಿನಿಂದ ದೂರದಲ್ಲೇ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ತೆವಳುತ್ತ ಮುಂದೆ ಹೋಗಿ ಕತ್ತು ಚಾಚಿದ. ಕೆಳಗೆ ಕಪ್ಪು ನೀರು.

“ಯಾರರ ಅದೀರೇನ್ರಿ?” ಎಂದು ಮೆಲ್ಲಗೆ ಕೇಳಿ ಕಿವಿಗೊಟ್ಟ. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು.